ಒಣಗಲು ಬಿಟ್ಟ ಜಾಗ

ಕರು ಹಾಕಿದ ಸೀಮೆಹಸು ಏಳಲಾರದೆ ನೆಲ ಹಿಡಿದರೆ ದನದ ಡಾಕ್ಟರು ಬಂದು ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ಆಗ ಹಸುವಿನ ಕತ್ತಿನ ನರ ಎದ್ದು ಕಾಣಬೇಕು. ಅದಕ್ಕೆ ಯಾರಾದರೂ ಗಂಟಲ ಪಕ್ಕದ ತಗ್ಗಿನಲ್ಲಿ ಹೆಬ್ಬೆರಳು ಊರಿ ರಕ್ತವನ್ನು ತಡೆದು ಹಿಡಿಯಬೇಕು. ನಮ್ಮೂರಲ್ಲಿ ಆ ಕೆಲಸ ನನ್ನದು. ನರ ಬೆರಳಿಗೆ ಸಿಕ್ಕಾಗ ಚರ್ಮದ ಒಳಗೆ ಹಗ್ಗ ಹೊರಳಿದ ಹಾಗಾಗುತ್ತದೆ. ಒಮ್ಮೆ ಸಿಕ್ಕರೆ ನಾನು ಬಿಡುವವಳಲ್ಲ. "ನೀವು ಹಿಡ್ಕಂಡ್ರೆ ನಂಗೆ ಅರ್ಧ ಕೆಲ್ಸ ಮುಗ್ದಂಗೆ ಕಣಮ್ಮ" ಎಂದು ಡಾಕ್ಟರು ಹೇಳುತ್ತಿದ್ದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಒಬ್ಬ ಡಾಕ್ಟರ ಬಾಯಿಂದ ಬಂದ ಆ ಮಾತು ದೊಡ್ಡದಾಗಿತ್ತು. ಬೇರೆಯವರ ಮನೆ ಹಸುವಿಗೂ ನನ್ನನ್ನೇ ಕರೆಯುತ್ತಿದ್ದರು. ಕರೆದಾಗ ಒಲೆಯ ಮೇಲಿನ ಮುದ್ದೆ ಬಿಟ್ಟಾದರೂ ಹೋಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮನ ವಿಷಯದಲ್ಲಿ ನಾನು ಮಾಡಿದ ತಪ್ಪಿಗೆ ಈ ಹೆಮ್ಮೆಯೇ ಬೇರು.

ನನ್ನ ತಮ್ಮ ತೆಂಗಿನಮರ ಹತ್ತಿ ಕಾಯಿ ಕೀಳುವವನು. ಅವ್ವ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಉಣ್ಣಿಸಿ, ಮೀಯಿಸಿ ಬೆಳೆಸಿದವಳು ನಾನು. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ನಮ್ಮಿಬ್ಬರ ಮನೆ ಒಂದೇ ಬೀದಿಯಲ್ಲಿ. ಚಿಕ್ಕವನಿದ್ದಾಗ ಅವನಿಗೆ ಕೀಲು ಊದಿಕೊಂಡು ಜ್ವರ ಬಂದಿತ್ತು. ಹೃದಯದ ಕವಾಟ ಸ್ವಲ್ಪ ಸೋರುತ್ತದೆ, ತಿಂಗಳ ಸೂಜಿ ತಪ್ಪಿಸಬೇಡಿ ಎಂದು ಆಗಿನ ಡಾಕ್ಟರು ಹೇಳಿದ್ದರು. ಹುಡುಗ ಬೆಳೆದು ಮರ ಹತ್ತತೊಡಗಿದ ಮೇಲೆ ಕವಾಟದ ಮಾತು ನಮಗೆ ಮರೆತೇ ಹೋಯಿತು. ಸೋರುವ ಹೃದಯ ಇಟ್ಟುಕೊಂಡು ಯಾರು ಅಷ್ಟು ಎತ್ತರ ಹತ್ತುತ್ತಾರೆ? ಮರದ ನೆತ್ತಿಯಲ್ಲಿ ಕೂತು ಅವನು ಊರನ್ನೆಲ್ಲ ರೇಗಿಸುತ್ತಿದ್ದ. "ಅಕ್ಕಾ, ನಿನ್ ಒಲೆ ಮ್ಯಾಲೆ ಹಾಲು ಉಕ್ತಾ ಐತೆ, ಇಲ್ಲಿಂದ್ಲೇ ಕಾಣ್ತೈತೆ" ಎಂದು ಕೂಗಿ, ನಾನು ಓಡಿಹೋಗಿ ನೋಡಿ ಬೈಯುವ ತನಕ ನಗುತ್ತಿದ್ದ.

ಹೋದ ವರ್ಷ ಅವನ ಹೆಂಡತಿ ಬಾಣಂತನಕ್ಕೆ ದಂಡಿನಶಿವರದ ತೌರುಮನೆಗೆ ಹೋಗಿದ್ದಾಗ ಅವನಿಗೆ ಜ್ವರ ಹಿಡಿಯಿತು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದರೆ ಒಂದು ದಿನ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ವಾರಗಟ್ಟಲೆ ಹಾಗೇ ಎಳೆದಾಡಿದ. ಕೊನೆಗೆ ನಡೆಯುವುದಕ್ಕೂ ಆಗದೆ ಹೋದಾಗ ನಾನೇ ಆಟೋದಲ್ಲಿ ಕೂರಿಸಿಕೊಂಡು ತಿಪಟೂರಿನ ಒಂದು ಆಸ್ಪತ್ರೆಗೆ ಸೇರಿಸಿದೆ. ಮನೆ, ದನ ಎಲ್ಲ ನನ್ನ ಯಜಮಾನರ ಪಾಲಿಗೆ ಬಿತ್ತು.

ಅಲ್ಲಿಯ ಡಾಕ್ಟರು ಹೆಂಗಸು. ಅವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹಳೆಯ ಕವಾಟದ ವಿಷಯ ನಾನು ಹೇಳಿದ ಮೇಲೆ ಅವರ ಮುಖ ಬಿಗಿಯಾಯಿತು.

"ನೋಡಮ್ಮ, ಇದು ಬೇರೆ ಜ್ವರ ಇರಬಹುದು. ಇಲ್ಲ, ಕ್ರಿಮಿ ಹೋಗಿ ಆ ಕವಾಟದ ಮೇಲೇ ಕೂತಿರಬಹುದು. ಕೂತಿದ್ರೆ ಜೀವಕ್ಕೆ ಅಪಾಯ. ಯಾವ ಕ್ರಿಮಿ ಅಂತ ತಿಳಿಯದೆ ಔಷಧಿ ಕೊಟ್ಟರೆ ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ. ಅದಕ್ಕೆ ಬ್ಲಡ್ ಕಲ್ಚರ್ ಮಾಡಿಸಬೇಕು."

ಅದೇನೆಂದು ನಾನು ಕೇಳಿದೆ. ಬಾಟಲಿಯಲ್ಲಿ ಕ್ರಿಮಿಗೆ ಬೇಕಾದ ಆಹಾರ ತುಂಬಿರುತ್ತದೆ, ರೋಗಿಯ ರಕ್ತವನ್ನು ಅದಕ್ಕೆ ಹಾಕಿ ಬೆಚ್ಚಗೆ ಇಟ್ಟರೆ, ರಕ್ತದಲ್ಲಿ ಕ್ರಿಮಿ ಇದ್ದಲ್ಲಿ ಬೆಳೆಯುತ್ತದೆ ಎಂದು ಬಿಡಿಸಿ ಹೇಳಿದರು.

"ಹಾಲಿಗೆ ಹೆಪ್ಪು ಹಾಕ್ದಂಗೆ ಅನ್ನಿ ಮೇಡಮ್ಮೋರೆ" ಎಂದ ತಮ್ಮ, ಮಲಗಿದ್ದಲ್ಲಿಂದಲೇ.

ಡಾಕ್ಟರಿಗೆ ನಗು ಬಂತು. "ಹಾಗೇ ಅಂದ್ಕೊಳಪ್ಪ. ಆದ್ರೆ ಪಕ್ಕದ ಮನೆ ಹೆಪ್ಪು ಅದರೊಳಕ್ಕೆ ಬೀಳಬಾರದು, ಅಷ್ಟೆ."

ರಕ್ತ ತೆಗೆಯಲು ಬಂದ ಸಿಸ್ಟರು ಚಿಕ್ಕ ಹುಡುಗಿ. ಬಿಳಿಗೆರೆ ಕಡೆಯವಳಂತೆ. ಎರಡು ಕೈಯಿಂದ ಬೇರೆ ಬೇರೆಯಾಗಿ ತೆಗೆಯಬೇಕು, ಎರಡು ಬಾಟಲಿ ತುಂಬಬೇಕು ಎಂದಳು. ಮೊದಲು ಬಲಗೈ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ನರ ನೋಡಿಕೊಂಡು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ಆಮೇಲೆ ಕಂದುಬಣ್ಣದ ಔಷಧಿಯನ್ನು ನಡುವಿನಿಂದ ಸುತ್ತುತ್ತ ಸುತ್ತುತ್ತ ಹೊರಗೆ ಹಚ್ಚಿದಳು. ಹಚ್ಚಿ ಸುಮ್ಮನೆ ನಿಂತಳು.

"ಯಾಕವ್ವ ನಿಂತ್ಬುಟ್ಟೆ?" ಎಂದೆ.

"ಒಣಗ್ಬೇಕು ಅಕ್ಕ. ಒಣಗಿದ್ರೇನೆ ಚರ್ಮದ ಮೇಲಿನ ಕ್ರಿಮಿ ಸಾಯೋದು. ಇನ್ನು ಈ ಜಾಗಾನ ನಾನೂ ಮುಟ್ಟಂಗಿಲ್ಲ, ನೀವೂ ಮುಟ್ಟಂಗಿಲ್ಲ."

ನಾನು ತಲೆಯಾಡಿಸಿದೆ. ನನಗೆ ಹೇಳಿರಲಿಲ್ಲ ಎಂದು ಯಾರೂ ತಿಳಿಯಬಾರದು. ಅವಳು ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ.

ಬಲಗೈ ಸುಸೂತ್ರವಾಗಿ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಎಡಗೈಗೆ ಬಂದಳು. ಅವನು ನೀರೂ ಸರಿಯಾಗಿ ಕುಡಿಯದೆ ಒಣಗಿಹೋಗಿದ್ದ. ಆ ಕೈಯಲ್ಲಿ ನರ ಬತ್ತಿಹೋಗಿತ್ತು. ಒಂದು ಸಲ ಚುಚ್ಚಿದಳು, ಬರಲಿಲ್ಲ. ತಮ್ಮ ಹಲ್ಲು ಕಚ್ಚಿದ. ಹೊಸ ಸೂಜಿ ತೆಗೆದು, ಇನ್ನೊಂದು ಜಾಗ ನೋಡಿ, ಮತ್ತೆ ಮೊದಲಿನಿಂದ ಒರೆಸಿ, ಹಚ್ಚಿ, ಒಣಗಲು ಬಿಟ್ಟಳು. ಬಾಟಲಿಯ ಮುಚ್ಚಳ ತೆಗೆದು ಅದರ ರಬ್ಬರ್ ಬಾಯನ್ನು ಒರೆಸಲು ಆ ಕಡೆ ತಿರುಗಿದಳು.

ನನ್ನ ಕಣ್ಣು ಆ ಕೈಯ ಮೇಲೇ ಇತ್ತು. ಸಿಕ್ಕಿದ್ದ ನರ ಮತ್ತೆ ಇಳಿದುಹೋದ ಹಾಗೆ ಕಂಡಿತು. ಇವಳು ಇನ್ನೊಂದು ಸಲ ತಪ್ಪುತ್ತಾಳೆ, ಇವನು ಇನ್ನೊಂದು ಸಲ ನೋಯುತ್ತಾನೆ ಅನ್ನಿಸಿತು. ಆಗಷ್ಟೇ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು ಬಂದಿದ್ದೆ. ಹೆಬ್ಬೆರಳು ಊರಿದೆ. ಊರಿ ಹೊರಳಿಸಿದೆ. ಹಗ್ಗದಂತೆ ಸಿಕ್ಕಿತು. ಅವಳು ಈ ಕಡೆ ತಿರುಗುವಷ್ಟರಲ್ಲಿ ಕೈ ತೆಗೆದು, "ಇಗೋ ನೋಡವ್ವ, ಇಲ್ಲಿ ಉಬ್ಬೈತೆ" ಎಂದು ದೂರದಿಂದ ತೋರಿಸಿದೆ. ಅವಳು ಅಲ್ಲಿಗೇ ಚುಚ್ಚಿದಳು. ರಕ್ತ ಒಂದೇ ಏಟಿಗೆ ಬಂತು.

ಸಿಸ್ಟರು ಬಾಟಲಿಗಳ ಮೇಲೆ ಎಡ, ಬಲ ಎಂದು ಬರೆದು ತೆಗೆದುಕೊಂಡು ಹೋದ ಮೇಲೆ ತಮ್ಮ ಪಿಸುಗುಟ್ಟಿದ, "ನಾನೇನ್ ಸೀಮೆಹಸಾನೇನಕ್ಕ? ಇನ್ನೊಂದ್ ಗಳಿಗೆ ಬುಟ್ಟಿದ್ರೆ ಬಾಲ ಎತ್ತಿ ನೋಡ್ತಿದ್ದೆ ನೀನು."

"ಸುಮ್ಕಿರ್ಲಾ, ಇನ್ನೊಂದ್ ಸಲ ಚುಚ್ಚುಸ್ಕಳದು ತಪ್ಪುಸ್ದೆ."

ಇಬ್ಬರೂ ನಕ್ಕೆವು. ಆ ದಿನ ನಾನು ಚೆನ್ನಾಗಿಯೇ ಊಟ ಮಾಡಿದೆ.

ಬಾಟಲಿಗಳು ತುಮಕೂರಿನ ಲ್ಯಾಬಿಗೆ ಹೋದವು. ಎರಡು ದಿನದ ಮೇಲೆ ಡಾಕ್ಟರು ಫೋನು ಹಿಡಿದುಕೊಂಡೇ ವಾರ್ಡಿಗೆ ಬಂದರು. ಹಿಂದೆ ಅದೇ ಸಿಸ್ಟರು. ತಮ್ಮ ಕಣ್ಣು ಮುಚ್ಚಿ ಮಲಗಿದ್ದ.

"ಎಡಗೈ ಬಾಟಲಿಯಲ್ಲಿ ಒಂದು ಕ್ರಿಮಿ ಬೆಳೆದಿದೆ. ಬಲಗೈಯದರಲ್ಲಿ ಇನ್ನೂ ಏನೂ ಇಲ್ಲ. ಬೆಳೆದಿರೋದು ಎಲ್ಲರ ಚರ್ಮದ ಮೇಲೂ ಇರುವಂಥದ್ದು" ಎಂದು ಸಿಸ್ಟರ ಕಡೆ ತಿರುಗಿದರು. "ನೀನು ತೆಗೆದಿದ್ದಲ್ವಾ? ಸರಿಯಾಗಿ ಕ್ಲೀನ್ ಮಾಡಿದ್ಯಾ?"

"ಮಾಡಿದೆ ಮೇಡಂ."

"ಒಣಗೋ ತನಕ ಬಿಟ್ಯಾ? ಆಮೇಲೆ ಬೆರಳಿಟ್ಟು ನರ ಹುಡುಕಿದ್ಯಾ? ಹುಡುಕಿದ್ರೆ ಹೇಳಿಬಿಡು, ಬೈಯಲ್ಲ. ಹೊರಗಿಂದ ಬಿದ್ದಿದ್ದು ಅಂತ ಬಿಟ್ಟು ಮತ್ತೆ ತೆಗೆಯೋಣ. ಇಲ್ಲ ಅಂದ್ರೆ ನಾನು ಇದನ್ನ ನಂಬಬೇಕಾಗುತ್ತೆ. ಕವಾಟ ಕೆಟ್ಟಿರುವವರಲ್ಲಿ ಈ ಕ್ರಿಮೀನೇ ಒಳಗೆ ಹೋಗಿ ಕೂರೋದೂ ಉಂಟು."

ಹುಡುಗಿಯ ಕಿವಿ ಕೆಂಪಾಯಿತು. ಆದರೂ ಗಟ್ಟಿಯಾಗಿಯೇ ಹೇಳಿದಳು, "ಇಲ್ಲ ಮೇಡಂ. ಹಚ್ಚಿದ್ಮೇಲೆ ನಾನು ಮುಟ್ಟೇ ಇಲ್ಲ. ಈ ಅಕ್ಕ ಪಕ್ಕದಲ್ಲೇ ಇದ್ರು, ಬೇಕಾದ್ರೆ ಕೇಳಿ."

ಡಾಕ್ಟರು ನನ್ನನ್ನು ನೋಡಿದರು. "ಏನಮ್ಮ?"

ಪಕ್ಕದ ಮಂಚದವರು, ಅವರನ್ನು ನೋಡಲು ಬಂದವರು, ಎಲ್ಲರೂ ಈ ಕಡೆಯೇ ನೋಡುತ್ತಿದ್ದರು. ಹಳ್ಳಿ ಹೆಂಗಸು, ಬುದ್ಧಿಯಿಲ್ಲದೆ ಬೆರಳು ಹಾಕಿದ್ದಾಳೆ ಅನ್ನುತ್ತಾರೆ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ನನಗೆ ನೆಪವಾಯಿತು. ಕ್ರಿಮಿ ಸಿಕ್ಕಿದೆಯಲ್ಲ, ಇನ್ನು ಔಷಧಿ ಕೊಡುತ್ತಾರೆ, ಇವನು ಏಳುತ್ತಾನೆ.

"ಚೆನ್ನಾಗೇ ಒರೆಸುದ್ರು ಮೇಡಮ್ಮೋರೆ. ಆ ಮಗ ಮುಟ್ಲಿಲ್ಲ" ಎಂದೆ.

ಆಡಿದ ಒಂದೊಂದು ಮಾತೂ ನಿಜವಾಗಿತ್ತು. ಅಂಥ ಮಾತು ಆ ಗಳಿಗೆಯಲ್ಲಿ ನನ್ನ ನಾಲಿಗೆಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು.

ಡಾಕ್ಟರು ನಂಬಿದರು. ಎರಡು ಬಗೆಯ ಔಷಧಿ ಶುರುವಾಯಿತು. ಒಂದು ಡ್ರಿಪ್ಪಿನಲ್ಲಿ, ಇನ್ನೊಂದು ಇಂಜೆಕ್ಷನ್ನು. "ಈ ಇಂಜೆಕ್ಷನ್ ಕೆಲವರಿಗೆ ಕಿವಿಗೆ ಹೊಡೆಯುತ್ತೆ. ತಲೆ ಸುತ್ತಿದ್ರೆ, ಕಿವಿಯಲ್ಲಿ ಸದ್ದು ಬಂದ್ರೆ ತಕ್ಷಣ ಹೇಳಬೇಕು" ಎಂದು ನನಗೆ ಹೇಳಿದರು.

ಸುಳ್ಳಿಗೆ ಕಾಲು ಬಂದದ್ದು ಆಮೇಲೆ. ಡಾಕ್ಟರು ರೌಂಡಿಗೆ ಬರುವ ಹೊತ್ತಿಗೆ ನಾನು ಬಿಸಿನೀರಿನ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ. ಅವರ ಮುಖ ನೋಡಲು ಆಗುತ್ತಿರಲಿಲ್ಲ. ಸಿಸ್ಟರು ಬಂದರೆ ಬಟ್ಟೆ ಮಡಿಸುತ್ತ ತಲೆ ತಗ್ಗಿಸುತ್ತಿದ್ದೆ. ಜ್ವರ ಇಳಿಯಲಿಲ್ಲ. ತಮ್ಮನ ಹೊಟ್ಟೆ ಉಬ್ಬಿಕೊಂಡಿತು. ಗಂಜಿ ಕುಡಿದರೆ ನೋವು ಅನ್ನುತ್ತಿದ್ದ. ಒಂದು ಬೆಳಿಗ್ಗೆ ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಗೋಡೆ ಹಿಡಿದು ನಿಂತುಬಿಟ್ಟ.

"ಅಕ್ಕಾ, ನೆಲ ತಿರುಗ್ತಾ ಐತೆ ಕಣೇ."

"ಹೊಟ್ಟೆಗೇನು ಬಿದ್ದೈತೆ ನಿಂಗೆ, ತಿರುಗ್ದೆ ಇನ್ನೇನು" ಎಂದೆ.

ಡಾಕ್ಟರು ಹೇಳಿದ್ದು ನೆನಪಿರಲಿಲ್ಲವೆ? ಇತ್ತು. ಆದರೆ ಅದನ್ನು ಹೇಳಬೇಕಾದರೆ ಅವರ ಎದುರು ನಿಲ್ಲಬೇಕಿತ್ತು. ಸಂಜೆ ಹೇಳೋಣ, ನಾಳೆ ಹೇಳೋಣ ಎಂದು ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಆ ಇಂಜೆಕ್ಷನ್ನು ಮತ್ತೆ ಮತ್ತೆ ಅವನ ಮೈಗೆ ಹೋಯಿತು.

ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆಸಿದರು. ತಪ್ಪಿಸಿಕೊಳ್ಳಲು ಆಗಲಿಲ್ಲ.

"ಈ ಕ್ರಿಮಿಗೆ ಈ ಔಷಧಿ ಹಿಡೀಲೇಬೇಕು ಕಣಮ್ಮ. ಹಿಡೀತಿಲ್ಲ ಅಂದ್ರೆ ಕವಾಟ ಪೂರ್ತಿ ಕೆಟ್ಟಿರಬಹುದು. ಬೆಂಗಳೂರಿಗೆ ಕಳಿಸ್ತೀನಿ. ಆಪರೇಷನ್ ಮಾಡಿ ಕವಾಟ ಬದಲಾಯಿಸೋ ತನಕ ಹೋಗಬಹುದು. ಅವನ ಹೆಂಡತೀನ ಕರೆಸಿ."

ಎದೆ ಸೀಳುವ ಮಾತು ಬಂದ ಮೇಲೆ ನನ್ನ ಮಾನ ಎಲ್ಲಿಯದು? ಅಲ್ಲೇ ಹೇಳಿಬಿಟ್ಟೆ. "ನಾನು ಮುಟ್ದೆ ಮೇಡಮ್ಮೋರೆ. ಆ ಹುಡುಗಿ ತಿರುಕ್ಕಂಡಾಗ ಎಡಗೈಗೆ ನಾನು ಬೆರಳಿಟ್ಟೆ. ಅವ್ನಿಗೆ ತಲೆ ಬೇರೆ ತಿರುಗ್ತಾ ಐತೆ, ಅದ್ನೂ ಹೇಳ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾವಾಗಿಂದ ತಿರುಗ್ತಿದೆ?" ಎಂದಷ್ಟೇ ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ವಾರ್ಡಿನ ಕಡೆ ಓಡುವ ಹಾಗೆ ಹೋದರು. ಇಂಜೆಕ್ಷನ್ನು ನಿಂತಿತು. ಮತ್ತೆ ರಕ್ತ ತೆಗೆದರು, ಎರಡೂ ಕೈಯಿಂದ. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಈ ಸಲದ ಎರಡೂ ಬಾಟಲಿಯಲ್ಲಿ ಒಂದೇ ಕ್ರಿಮಿ ಬೆಳೆಯಿತು. ಅದು ಟೈಫಾಯ್ಡು. ಕವಾಟದ ಮೇಲೆ ಏನೂ ಕೂತಿರಲಿಲ್ಲ. ಮೆಡಿಕಲ್ ಶಾಪಿನ ಅರೆಬರೆ ಮಾತ್ರೆಯಿಂದ ಮೊದಲ ಸಲ ಬಲಗೈ ಬಾಟಲಿಯಲ್ಲಿ ಅದು ತಲೆ ಎತ್ತದೆ ಇದ್ದಿರಬಹುದು ಎಂದರು. ಔಷಧಿ ಬದಲಾದ ಮೇಲೆ ಜ್ವರ ದಿನದಿನಕ್ಕೂ ಇಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕರುಳು ತೂತು ಬೀಳುತ್ತಿತ್ತು ಎಂಬ ಮಾತನ್ನೂ ಹೇಳಿದರು.

ಸಿಸ್ಟರನ್ನು ಹುಡುಕಿಕೊಂಡು ಹೋಗಿ ಕೈ ಮುಗಿದೆ. ಅವಳು ಕೈ ಹಿಡಿಯಲೂ ಇಲ್ಲ, ಬಿಡಿ ಎನ್ನಲೂ ಇಲ್ಲ.

"ನನ್ನ ಮಾತು ನಂಬಿ ಮೇಡಂ ಔಷಧಿ ಕೊಟ್ರು ಅಕ್ಕ. ನನ್ನನ್ನೂ ಸುಳ್ಳಿ ಮಾಡಿಬಿಟ್ರಿ" ಎಂದು ಟ್ರೇ ಎತ್ತಿಕೊಂಡು ಹೋದಳು.

ಬಿಡುಗಡೆಯ ದಿನ ಡಾಕ್ಟರು ನನ್ನೊಬ್ಬಳಿಗೇ ಹೇಳಿದರು, "ಈ ತಲೆಸುತ್ತು ಆ ಇಂಜೆಕ್ಷನ್ನಿಂದ ಬಂದಿರೋದು ಅನ್ಸುತ್ತೆ. ಕಿವಿಯ ಒಳಗೆ ಮೈಯ ಸಮತೋಲ ಕಾಯೋ ಜಾಗ ಒಂದಿದೆ. ಅದಕ್ಕೆ ಪೆಟ್ಟಾಗಿದ್ರೆ ಪೂರ್ತಿ ಸರಿಹೋಗದೆ ಇರಬಹುದು. ಮರ ಹತ್ತಬಾರದು ಅಂತ ಅವನಿಗೆ ತಿಳಿಸಿ ಹೇಳಿ. ಕಿವಿ ಡಾಕ್ಟರಿಗೆ ತೋರಿಸಿ." ಆಯಿತು ಎಂದೆ.

ಮನೆಗೆ ಬಂದೆವು. ಹೆಂಡತಿ ಮಗುವಿನ ಜೊತೆ ಬಂದಳು. ನಾನು ಅವನಿಗೆ ಹೇಳಿದ್ದು ಇಷ್ಟೇ: "ನಿಶ್ಶಕ್ತಿ ಕಣ್ಲಾ. ಸ್ವಲ್ಪ ದಿನ ಮರದ್ ತಂಟೆಗೆ ಹೋಗ್ಬ್ಯಾಡ." ಇಂಜೆಕ್ಷನ್ನಿನ ಮಾತು ಎತ್ತಿದರೆ ಅದು ಯಾಕೆ ಕೊಟ್ಟರು ಎಂಬ ಮಾತು ಬರುತ್ತದೆ. ಅದಕ್ಕೆ ನುಂಗಿಕೊಂಡೆ. ಕಿವಿ ಡಾಕ್ಟರ ಸುದ್ದಿಯನ್ನೂ ನುಂಗಿಕೊಂಡೆ. ಅವನು ಮೊಟ್ಟೆ ತಿಂದ, ನಾಟಿಕೋಳಿ ಸಾರು ಕುಡಿದ, ಮೈ ಕೈ ತುಂಬಿಕೊಂಡ. ಆದರೆ ಮುಸ್ಸಂಜೆಯಾದರೆ ಅಂಗಳದಲ್ಲಿ ಕುಡಿದವನ ಹಾಗೆ ಕಾಲು ಹಾಕುತ್ತಿದ್ದ. ಬೀದಿಯವರು, "ಏನ್ಲಾ, ಟೈಫಾಯ್ಡಿಗೆ ಡಾಕ್ಟ್ರು ಬ್ರಾಂದಿ ಬರ್ಕೊಟ್ರಾ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನು ಒಳಗೆ ಹೋಗುತ್ತಿದ್ದೆ.

ಕಾಯಿ ಕೀಳುವ ಕಾಲ ಬಂತು. ಒಂದು ದಿನ ಅವನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನನ್ನ ಕೊಟ್ಟಿಗೆಗೆ ಓಡಿಬಂದಳು. "ಅತ್ತಿಗೆ, ತ್ವಾಟದಾಗೆ ಮರ ಹತ್ತವ್ರೆ. ನಾನು ಕೂಗುದ್ರೂ ಇಳೀತಿಲ್ಲ. ನೀವಾದ್ರೂ ಬನ್ನಿ."

ನಾನು ಓಡಿದ್ದು ಹೇಗೋ ಗೊತ್ತಿಲ್ಲ. ಅವನು ಅರ್ಧ ಮರದಲ್ಲಿ ಇದ್ದ. ಹತ್ತುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಎರಡು ತೋಳಿನಲ್ಲಿ ಮರವನ್ನು ಅಪ್ಪಿ, ಕೆನ್ನೆಯನ್ನು ಅದಕ್ಕೆ ಒತ್ತಿ, ಕಣ್ಣು ಮುಚ್ಚಿದ್ದ. ಅವನ ಕಾಲು ನಡುಗುವುದು ಕೆಳಗಿನಿಂದಲೂ ಕಾಣುತ್ತಿತ್ತು.

"ಮ್ಯಾಕೆ ನೋಡ್ಬ್ಯಾಡ ಕಣಪ್ಪ. ಕೆಳೀಕೂ ನೋಡ್ಬ್ಯಾಡ. ಕಣ್ಣು ಮುಚ್ಕಂಡೇ ಒಂದೊಂದೇ ಕಾಲು ಇಳ್ಸು" ಎಂದು ಕೂಗಿದೆ.

"ಮರ ಮಲಿಕ್ಕಂಡಂಗೆ ಆಯ್ತದೆ ಅಕ್ಕ."

"ಮಲಿಕ್ಕಂಡಿಲ್ಲ. ನೆಟ್ಟಗೈತೆ. ನಾನು ನೋಡ್ತಾ ಇವ್ನಿ. ಎಡಗಾಲು ಇಳ್ಸು. ಹಾಂ. ಈಗ ಬಲಗಾಲು."

ಹಾಗೇ ಹೇಳುತ್ತ ಹೇಳುತ್ತ ಇಳಿಸಿದೆ. ನೆಲ ಮುಟ್ಟಿದ ಮೇಲೂ ಅವನು ಮರ ಬಿಡಲಿಲ್ಲ. ಎದೆಯ ಚರ್ಮವೆಲ್ಲ ತರಚಿ ರಕ್ತ ಜಿನುಗುತ್ತಿತ್ತು. ಹೆಂಡತಿ ಅಳುತ್ತಿದ್ದಳು. ಅವನು ಅವಳನ್ನು ಸಮಾಧಾನ ಮಾಡಿದ, "ಇನ್ನೊಂದ್ ತಿಂಗ್ಳು ತಿಂದು ಉಂಡ್ರೆ ಸರಿ ಹೋಯ್ತದೆ ಬುಡು. ಹೋದ ಸಲಕ್ಕಿಂತ ಈ ಸಲ ಜಾಸ್ತಿ ಹತ್ತಿದ್ದೆ."

ಹೋದ ಸಲ ಎಂದರೆ, ಇದಕ್ಕೆ ಮೊದಲೂ ಯಾರಿಗೂ ತಿಳಿಯದ ಹಾಗೆ ಹತ್ತಿ ನೋಡಿದ್ದ. ಶಕ್ತಿ ಬರುತ್ತಿದೆ ಎಂದು ನಂಬಿ ಪ್ರತಿ ಸಲ ಇನ್ನಷ್ಟು ಮೇಲೆ ಹೋಗಿದ್ದ. ನನ್ನ ಮಾತು ನಂಬಿ.

ಅಲ್ಲೇ ತೋಟದಲ್ಲಿ, ಅವನ ಹೆಂಡತಿಯ ಎದುರೇ ಎಲ್ಲ ಹೇಳಿದೆ. ಆ ಇಂಜೆಕ್ಷನ್ನು ಯಾಕೆ ಕೊಟ್ಟರು, ತಲೆ ಸುತ್ತಿದ್ದನ್ನು ನಾನು ಯಾಕೆ ಬಚ್ಚಿಟ್ಟೆ, ಡಾಕ್ಟರು ಬಿಡುಗಡೆಯ ದಿನ ಏನು ಹೇಳಿದ್ದರು. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ.

"ನೀನು ಬೆರಳಿಟ್ಟಿದ್ದು ನಂಗೆ ಗೊತ್ತಿರ್ನಿಲ್ವಾ?" ಎಂದ ಕೊನೆಗೆ. "ಡಾಕ್ಟ್ರಮ್ಮ ಕೇಳ್ದಾಗ ನಾನೂ ಎಚ್ಚರವಾಗೇ ಇದ್ದೆ. ನಮ್ಮಕ್ಕನ್ನ ಅಷ್ಟು ಜನದ ಮುಂದೆ ಬೈತಾರೆ ಅಂತ ನಾನೂ ಬಾಯಿ ಬಿಡ್ನಿಲ್ಲ. ಅದು ಬುಡು, ಇಬ್ರುದ್ದೂ ತಪ್ಪು. ಮನೆಗ್ ಬಂದ್ಮೇಲೆ? ಇಷ್ಟು ದಿನ? ಮ್ಯಾಲಿಂದ ಬಿದ್ದಿದ್ರೆ ಈ ಕೂಸಿಗೆ ಏನ್ ಹೇಳ್ತಿದ್ದೆ ನೀನು, ನಿಶ್ಶಕ್ತಿ ಅಂತಿದ್ದಾ?"

ಅವನು ಹೆಂಡತಿಯ ಹೆಗಲು ಹಿಡಿದುಕೊಂಡು ಮನೆಗೆ ನಡೆದ. ನಾನು ಉದುರಿದ ಗರಿಗಳ ನಡುವೆ ನಿಂತೇ ಇದ್ದೆ.

ಬಹಳ ದಿನ ಅವನು ನನ್ನ ಹೊಸಿಲು ತುಳಿಯಲಿಲ್ಲ. ಅವನ ಹೆಂಡತಿ ಹಾಲಿಗೆ ಬಂದರೆ ಚೊಂಬು ಇಟ್ಟು, ತುಂಬಿಸಿಕೊಂಡು, ಮಾತಿಲ್ಲದೆ ಹೋಗುತ್ತಿದ್ದಳು. ಅವನು ಈಗ ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ ಎಂದು ಬೇರೆಯವರ ಬಾಯಲ್ಲಿ ಕೇಳಿದೆ. ಹತ್ತಿ ಕೀಳುತ್ತಿದ್ದವನು ನೆಲದಲ್ಲಿ ನಿಂತು, ಬೇರೊಬ್ಬ ಕಿತ್ತ ಕಾಯಿಯ ಸಿಪ್ಪೆ ಬಿಡಿಸುತ್ತಿದ್ದಾನೆ.

ಆಮೇಲೆ ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

"ಸೀರೆ ಬದ್ಲಾಯ್ಸು. ಕಿವಿ ಡಾಕ್ಟ್ರತಾವ ಹೋಗನ" ಎಂದ.

"ನಾನಾ?"

"ಇನ್ಯಾರು? ಏನೇನಾಯ್ತು ಅಂತ ಕೇಳ್ತಾರೆ. ನಂಗೆ ಜ್ವರದಾಗೆ ಅರ್ಧ ನೆನಪಿಲ್ಲ."

ಬಸ್ಸು ಹತ್ತಿದೆವು. ತಿರುವು ಬಂದಾಗಲೆಲ್ಲ ಅವನು ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದ. ಕಿವಿ ಡಾಕ್ಟರು ವಯಸ್ಸಾದವರು. ಅವನನ್ನು ನಿಲ್ಲಿಸಿ, ಕಣ್ಣು ಮುಚ್ಚಿಸಿ, ವಾಲಿದಾಗ ಹಿಡಿದು ಕೂರಿಸಿದರು. ವ್ಯಾಯಾಮ ಹೇಳಿಕೊಡುತ್ತೇನೆ, ನಡಿಗೆ ಸುಧಾರಿಸಬಹುದು, ಮರದ ಆಸೆ ಬಿಡಬೇಕು ಎಂದರು. ಆಮೇಲೆ ಕೇಳಿದರು, "ಆ ಇಂಜೆಕ್ಷನ್ ಎಷ್ಟು ದಿನ ಕೊಟ್ರು? ಯಾತಕ್ಕೆ ಕೊಟ್ರು?"

ತಮ್ಮ ನನ್ನ ಕಡೆ ಕೈ ತೋರಿಸಿದ. "ನಮ್ಮಕ್ಕ ಹೇಳ್ತಾಳೆ ಕೇಳಿ ಸಾ."

ಡಾಕ್ಟರು ನನ್ನ ಕಡೆ ಕುರ್ಚಿ ತಿರುಗಿಸಿದರು. ಬಾಗಿಲು ತೆರೆದಿತ್ತು, ಹೊರಗೆ ಬೆಂಚಿನಲ್ಲಿ ಜನ ಕೂತಿದ್ದರು. ನಾನು ಮೊದಲಿನಿಂದ ಶುರು ಮಾಡಿದೆ, ಗಟ್ಟಿಯಾಗಿ.